ಪಟ್ಟಿಯಲ್ಲಿ ಸಿಕ್ಕಿಬಿದ್ದ ಹನ್ನೊಂದು ಸಾಲು

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನಾನು ರಾಜಾಜಿನಗರದ ಒಂದು ಟೈಪಿಂಗ್ ಅಂಗಡಿಯಲ್ಲಿದ್ದೆ. ಆರು ಟೈಪ್‌ರೈಟರು, ಒಂದೇ ಒಂದು ಕಂಪ್ಯೂಟರ್. ಅದರ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕಿತ್ತು. ಆರು ವಾರದ ಕೋರ್ಸ್ ಮಾಡಿದ್ದ ನಾನೇ ಆ ಗರ್ಭಗುಡಿಯ ಅರ್ಚಕ. ಕಾಲ್ಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿದ್ದರೂ ಗತ್ತಿಗೇನೂ ಕಮ್ಮಿಯಿರಲಿಲ್ಲ. ಆ ಕೋಣೆಯ ಬೆಚ್ಚನೆಯ ಪ್ಲಾಸ್ಟಿಕ್ ವಾಸನೆ ಈಗಲೂ ಒಮ್ಮೊಮ್ಮೆ ಮೂಗಿಗೆ ಬಂದಂತಾಗುತ್ತದೆ.

ವಿಜಯನಗರದಿಂದ ಒಬ್ಬ ಲೆಕ್ಚರರ್ ಮೇಡಂ ತಮ್ಮ ಥೀಸಿಸ್ ಟೈಪ್ ಮಾಡಿಸಲು ಬರುತ್ತಿದ್ದರು. ಮನೆಯಲ್ಲೇ ಕೂತು ಊದಿನಕಡ್ಡಿ ಹೊಸೆಯುವ ಹೆಂಗಸರ ಬಗ್ಗೆ, ಇಂಗ್ಲಿಷಿನಲ್ಲಿ. ಅವರ ಗೈಡ್ ಪ್ರೊಫೆಸರ್ ಕರಡನ್ನು ತಿದ್ದಿಕೊಟ್ಟು ಎರಡು ಅಪ್ಪಣೆ ಮಾಡಿದ್ದರು. ಎಲ್ಲೆಲ್ಲಿ ಏನೇನು ತಿದ್ದಾಯಿತೆಂದು ಪಟ್ಟಿ ಕೊಡಬೇಕು. ಹೊಸದಾಗಿ ಒಂದು ಸಾಲೂ ಸೇರಿಸಬಾರದು. ಪಟ್ಟಿ ನೋಡಿದ ಮೇಲೇ ಸಹಿ. ಸಹಿ ತಪ್ಪಿದರೆ ಮೇಡಂಗೆ ಇನ್ನೊಂದು ವರ್ಷ ಕಾಯುವ ಶಿಕ್ಷೆ.

ಕರಡು ಕೊಟ್ಟ ಮೇಲೆ ಮೇಡಂ ಕಾಮಾಕ್ಷಿಪಾಳ್ಯದಲ್ಲಿ ಒಬ್ಬ ಅಜ್ಜಿಯನ್ನು ಕಂಡಿದ್ದರು. ಅಜ್ಜಿ ಆಡಿದ ಮಾತನ್ನು ಇಂಗ್ಲಿಷಿನ ಹನ್ನೊಂದು ಸಾಲಿನಲ್ಲಿ ಬರೆದು ನನಗೆ ಚೀಟಿ ಕೊಟ್ಟರು.

"ನೂರ ಹನ್ನೆರಡನೇ ಪುಟಕ್ಕೆ ಸೇರಿಸಿಬಿಡಪ್ಪ. ಪಟ್ಟಿ ನಾನೇ ಕೈಯಲ್ಲಿ ಬರೀತೀನಿ, ಇದೊಂದನ್ನ ಬಿಟ್ಟು."

ಸೇರಿಸಿದೆ. ಅಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಮೇಡಂ ಕೈಯಲ್ಲಿ ಪಟ್ಟಿ ಬರೆಯುವುದೆಂದರೆ ನನ್ನ ಕಂಪ್ಯೂಟರಿಗೆ ಅವಮಾನ. ಹಳೇ ಫ್ಲಾಪಿ, ಹೊಸ ಫ್ಲಾಪಿ ಎರಡನ್ನೂ ಸಾಲು ಸಾಲಾಗಿ ಹೋಲಿಸಿ, ವ್ಯತ್ಯಾಸವಿದ್ದ ಸಾಲುಗಳನ್ನೆಲ್ಲ ಅಚ್ಚು ಹಾಕುವ ಒಂದು ಪ್ರೋಗ್ರಾಂ ಬರೆದೆ. ಮಾರನೇ ದಿನ ಪ್ರಿಂಟರ್ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೂ ಕರಕರ ಎಂದಿತು. ಬಂದದ್ದನ್ನು ಓದಿ ನೋಡುವ ಬುದ್ಧಿ ಆರು ವಾರದ ಕೋರ್ಸಿನಲ್ಲಿ ಕಲಿಸಿರಲಿಲ್ಲ. ಆ ಕಟ್ಟನ್ನೂ ಥೀಸಿಸ್ಸನ್ನೂ ಸೈಕಲ್ಲಿಗೆ ಬಿಗಿದು, ಮೇಡಂಗೆ ಶ್ರಮ ತಪ್ಪಿಸೋಣವೆಂದು ನೇರ ಬಸವೇಶ್ವರನಗರದ ಪ್ರೊಫೆಸರ್ ಮನೆಗೇ ಹೋದೆ.

ಅವರು ಪಟ್ಟಿಯ ತುದಿ ಹಿಡಿದು ಎಳೆದರು. ಅಂಚಿನಲ್ಲಿ ತೂತುಗಳಿದ್ದ ಆ ಉದ್ದನೆಯ ಕಾಗದ ಮಡಿಕೆ ಬಿಚ್ಚುತ್ತಾ ಹಜಾರ ದಾಟಿ ಅಡುಗೆಮನೆ ಹೊಸಿಲು ಮುಟ್ಟಿತು.

"ಏನಯ್ಯಾ ಇದು, ಸೀರೆ ಅಂಗಡಿಯಿಂದ ಬಂದ್ಯಾ?"

ಅಷ್ಟರಲ್ಲಿ ಮೇಡಂ ತಮ್ಮ ಎರಡು ಹಾಳೆಯ ಪಟ್ಟಿ ಹಿಡಿದು ಬಂದರು. ನೆಲದ ತುಂಬಾ ಹರಡಿದ್ದ ಕಾಗದ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

ಪ್ರೊಫೆಸರ್ ಕನ್ನಡಕ ಏರಿಸಿಕೊಂಡು ಹೇಳಿದರು. "ನೂರ ಹನ್ನೊಂದನೇ ಪುಟದವರೆಗೂ ಅಲ್ಲೊಂದು ಇಲ್ಲೊಂದು ಪದ. ಅಲ್ಲಿಂದಾಚೆಗೆ ಒಂದು ಸಾಲೂ ಬಿಟ್ಟಿಲ್ಲ ಇವನು. ಅಂದ್ರೆ ಅಲ್ಲೇನೋ ತುರುಕಿದೀರಿ, ಮಿಕ್ಕಿದ್ದೆಲ್ಲ ಕೆಳಗೆ ಜಾರಿದೆ. ಅಲ್ವೇನಯ್ಯಾ?"

ನನ್ನ ಪ್ರೋಗ್ರಾಮಿನ ದೋಷ ನನಗಿಂತ ಮೊದಲು ಅವರಿಗೆ ಹೊಳೆದಿತ್ತು. ಕಂಪ್ಯೂಟರನ್ನೇ ಕಾಣದ ಮನುಷ್ಯ. ನಾನು ಹೆಬ್ಬೆರಳನ್ನು ಕಾಲ್ಚೀಲದೊಳಕ್ಕೆ ಎಳೆದುಕೊಳ್ಳುತ್ತಾ ನಿಂತೆ.

ಅವರು ನೂರ ಹನ್ನೆರಡನೇ ಪುಟ ತೆಗೆದು ಓದಿದರು. ಇನ್ನೊಂದು ಸಲ ಓದಿದರು.

"ಸೇರಿಸ್ಬೇಡಿ ಅಂದಿದ್ನಲ್ಲಮ್ಮ."

"ಅಂದಿದ್ರಿ ಸಾರ್. ನಾನೇ ಸೇರಿಸ್ದೆ, ಈ ಹುಡುಗನದೇನೂ ತಪ್ಪಿಲ್ಲ. ಬೇಕಾದ್ರೆ ಮುಂದಿನ ವರ್ಷ ಕೊಡ್ತೀನಿ. ಅದನ್ನ ಮಾತ್ರ ತೆಗೆಯಲ್ಲ."

"ನನಗೆ ಹೇಳ್ದೆ ಪಟ್ಟಿಯಿಂದ ಬಿಟ್ರಲ್ಲ, ಅದು ತಪ್ಪು."

"ಹೌದು ಸಾರ್."

ಫ್ಯಾನ್ ಗಾಳಿಗೆ ಕಾಗದ ಪಟಪಟ ಎಂದಿತು. ಪ್ರೊಫೆಸರ್ ಅದರ ಮೇಲೆ ಕಾಲಿಟ್ಟರು.

"ಅಧ್ಯಾಯದ ಮಧ್ಯೆ ಬೇಡ. ಅಲ್ಲಿ ಲೆಕ್ಕಾಚಾರ ನಡೀತಾ ಇದೆ. ಅನುಬಂಧದಲ್ಲಿ ಹಾಕಿ."

"ಅನುಬಂಧ ಯಾರು ಓದ್ತಾರೆ ಸಾರ್?"

"ನಾನು ಓದ್ತೀನಲ್ಲ."

ಮೇಡಂ ಹೊಸಿಲು ದಾಟಿ ಒಳಗೆ ಬಂದರು. "ಹಾಗಾದ್ರೆ ಅನುಬಂಧದಲ್ಲಿ ಅದೇ ಮೊದಲು ಬರ್ಬೇಕು."

"ಆಯ್ತು. ನೀವು ಬರೆದಿರೋ ಪಟ್ಟಿ ಕೊಡಿ ಇಲ್ಲಿ. ಇವನದನ್ನ ಸುತ್ತಿ ಇವನ ತಲೆಗೇ ಕಟ್ಟಿ ಕಳಿಸಿ."

ಬಿಟ್ಟಿದ್ದನ್ನು ಮೇಡಂ ಅಲ್ಲೇ ಕೂತು ಪಟ್ಟಿಯ ಕೊನೆಗೆ ಬರೆದರು. ಪ್ರೊಫೆಸರ್ ಸಹಿ ಹಾಕಿದರು.

ಅಂಗಡಿಗೆ ವಾಪಸ್ ಬಂದು ಆ ಹನ್ನೊಂದು ಸಾಲನ್ನು ಅನುಬಂಧಕ್ಕೆ ಸರಿಸಲು ಕೂತೆ. ಸರಿಸುವ ಕೀ ಬದಲು ಅಳಿಸುವ ಕೀ ಒತ್ತಿದೆ. ಒತ್ತಿದ್ದು ಸಾಲದೆಂದು ಫ್ಲಾಪಿಗೂ ಉಳಿಸಿದೆ. ಚೀಟಿ ಎಲ್ಲಿ ಎಂದರೆ, ಅದರಲ್ಲಿ ಬೋಂಡದ ಎಣ್ಣೆ ಒರೆಸಿ ಹಿಂದಿನ ದಿನವೇ ಎಸೆದಿದ್ದೆ. ಅಚ್ಚಾದ ಪ್ರತಿಯೂ ನನ್ನ ಉದ್ದನೆಯ ಪಟ್ಟಿಯೂ ಪ್ರೊಫೆಸರ್ ಮನೆಯಲ್ಲೇ ಉಳಿದಿದ್ದವು, ಮತ್ತೆ ಅವರಿಗೆ ಮುಖ ತೋರಿಸುವ ಧೈರ್ಯ ನನಗಿರಲಿಲ್ಲ.

ಸಂಜೆ ಅಂಗಡಿಗೆ ಬಂದ ಮೇಡಂಗೆ ನಡೆದದ್ದನ್ನು ಹೇಳಿದೆ. ಅವರು ಬಯ್ಯಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು. ಮೊದಲು ಕನ್ನಡದಲ್ಲಿ ಹೇಳಿದರು, ಅಜ್ಜಿ ಹೇಳಿದ ಹಾಗೇ.

"ಮೂವತ್ತು ವರ್ಷ ಕಡ್ಡಿ ಹೊಸೆದೆ ಕಣವ್ವ. ಈಗ ಹೆಬ್ಬೆಟ್ಟು ಒತ್ತು ಅಂತಾರೆ. ಒತ್ತಿದ್ರೆ ಬರೀ ಮಸಿ ಮೂಡ್ತದೆ, ಗೆರೆ ಮೂಡಲ್ಲ. ನನ್ನ ಗೆರೆನೆಲ್ಲ ಊರವ್ರು ದೇವ್ರ ಮುಂದೆ ಹಚ್ಚಿಬಿಟ್ರು."

ಆಮೇಲೆ ಒಂದೊಂದೇ ಸಾಲನ್ನು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಚೀಟಿ ಅವರಿಗೆ ಬೇಕೇ ಇರಲಿಲ್ಲ. ನಾನು ನನ್ನ ಕೈಯ ಹೆಬ್ಬೆರಳನ್ನೊಮ್ಮೆ ನೋಡಿಕೊಂಡು, ಒಂದೂ ತಪ್ಪಿಲ್ಲದೆ ಟೈಪ್ ಮಾಡಿದೆ.