ಮುಚ್ಚಳದ ಒಳಗಿನ ಗೀರು

ವಾಚ್ ರಿಪೇರಿ ಕಾಕಾ ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಎಂದೂ ಕತ್ತರಿಸುತ್ತಿರಲಿಲ್ಲ. ಹಳದಿಗಟ್ಟಿ ಗಡುಸಾಗಿದ್ದ ಆ ಉಗುರನ್ನು ಸಂದಿಗಿಟ್ಟು ಒತ್ತಿದರೆ ಎಂಥ ಹಟಮಾರಿ ವಾಚಿನ ಹಿಂದಿನ ಮುಚ್ಚಳವೂ ಟಕ್ಕೆಂದು ಬಾಯಿ ಬಿಡುತ್ತಿತ್ತು. ಸವಣೂರಿನಲ್ಲಿ ಖಾರವೆನ್ನುವ ಕುರುಕಲು ತಿಂಡಿಯ ಅಂಗಡಿಯ ಮಗ್ಗುಲಿಗೇ ಅವರ ಡಬ್ಬಿ ಅಂಗಡಿ. ಖಾರ ತಿಂದ ಕೈಯನ್ನು ಎರಡು ಸಲ ಸಾಬೂನು ಹಚ್ಚಿ ತೊಳೆಯದೆ ವಾಚು ಮುಟ್ಟುತ್ತಿರಲಿಲ್ಲ.

ಅಪ್ಪನ ಮದುವೆಯ ವಾಚನ್ನು ನಾನು ಕಳೆದಿದ್ದೆ. ಅವ್ವನ ತವರಿನವರು ಕೊಟ್ಟ, ಚಾವಿ ಕೊಡುವ ವಾಚು. ಗೆಳೆಯನ ಮದುವೆಗೆ ಶೋಕಿಗೆಂದು ಕಟ್ಟಿಕೊಂಡು ಹೋಗಿ ಹಾನಗಲ್ ಬಸ್ಸಿನಲ್ಲಿ ಬೀಳಿಸಿಕೊಂಡು ಬಂದೆ. ಅಪ್ಪ ಬೈಯಲಿಲ್ಲ. ಹೊತ್ತು ನೋಡಲು ಬರಿಗೈ ಎತ್ತುತ್ತಿದ್ದ, ಸುಮ್ಮನೆ ಇಳಿಸುತ್ತಿದ್ದ. ಅದಕ್ಕಿಂತ ಬೈಗುಳವೇ ವಾಸಿಯಿತ್ತು.

ಕಡೆಗೆ ಅಂಥದ್ದೇ ವಾಚು ಮೊಬೈಲಿನಲ್ಲಿ ಮಾರಾಟಕ್ಕೆ ಸಿಕ್ಕಿತು. ಮೊದಲೇ ಆತುರಗೇಡಿ ನಾನು. ಕಾಕಾಗೆ ಫೋಟೋ ತೋರಿಸಿ, "ಹೆಂಗ ಹೊಳಿಯಾಕತ್ತೈತಿ ನೋಡ್ರಿ" ಎಂದೆ.

"ಅದಕ್ಕ ಬ್ಯಾಡ ಅನ್ನಾಕತ್ತೇನಿ," ಎಂದರು. "ನಲವತ್ತು ವರ್ಷ ದುಡದಾವನ ಮಾರಿ ಮದಲಿಂಗನ ಹಂಗ ಹೊಳೀತೈತೇನು? ಬಣ್ಣ ಹೊಸಾದು. ಅಂಕಿ ನೋಡು, ಸೊಟ್ಟ ಕುಂತಾವು. ಬೆನ್ನಿನ ಮುಚ್ಚಳ ತೆಗೆಸಿ ಒಳಗಿನ ಫೋಟೋ ತರಸು, ತಮ್ಮಾ."

ರಿಪೇರಿ ಮಾಡಿದವರು ಮುಚ್ಚಳದ ಒಳಮೈಗೆ ಸೂಜಿಯಿಂದ ತಮ್ಮ ಗುರುತು ಗೀರುವುದು ಆ ಕಸುಬಿನ ಪದ್ಧತಿಯಂತೆ. "ಬಾಳಿದ ವಾಚಿನಾಗ ಒಬ್ಬನರ ಗೀರಿರ್ತಾನ" ಎಂದರು.

ಮಾರುವವನು ಒಳಗಿನ ಫೋಟೋ ಕಳಿಸಲೇ ಇಲ್ಲ. ಆಮೇಲೆ ನಾಲ್ಕು ತಿಂಗಳು ನಾನು ತೋರಿಸಿದ್ದಕ್ಕೆಲ್ಲ ಕಾಕಾ ಬ್ಯಾಡ ಎಂದರು. ಒಂದರ ಮುಳ್ಳು ಬೇರೆ ವಾಚಿನದು, ಇನ್ನೊಂದರ ಚಾವಿ ಗುಂಡಿ ಬೇರೆಯದು. ಈ ಮುದುಕನಿಗೆ ಯಾವುದೂ ಸರಿ ಬರುವುದಿಲ್ಲ ಎಂದು ಗೊಣಗಿದ್ದೂ ಉಂಟು. ಐದನೆಯ ತಿಂಗಳು ಸಿಕ್ಕ ವಾಚಿನ ಗಾಜು ಮಬ್ಬಾಗಿತ್ತು, ಡಯಲ್ ಚಹಾ ಬಣ್ಣಕ್ಕೆ ತಿರುಗಿತ್ತು. ಮುಚ್ಚಳದ ಒಳಗೆ ಮೂರು ಬೇರೆ ಬೇರೆ ಕೈಗಳ ಗೀರು.

"ಇದನ್ನ ತಗೋ," ಎಂದರು ಕಾಕಾ.

ವಾಚು ಕೈಗೆ ಬಂದ ದಿನ ಕಾಕಾ ಅದನ್ನು ಬಿಚ್ಚಿ ತೊಳೆದು, ಎಣ್ಣೆ ಬಿಟ್ಟು, ಆ ಮೂರರ ಕೆಳಗೆ ತಮ್ಮದೊಂದು ಪುಟ್ಟ ತ್ರಿಕೋನ ಗೀರಿದರು. ಅಪ್ಪ ಅದನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೂತ. "ಇದು ಅದಲ್ಲ," ಎಂದ. "ಆದರ ದನಿ ಅದೇ ಐತಿ." ಆಮೇಲೆ ಕಟ್ಟಿಕೊಂಡ.

ಕಾಕಾ ಹೋದ ವರ್ಷ ತೀರಿಕೊಂಡರು. ಮೊನ್ನೆ ವಾಚು ನಿಧಾನವಾಯಿತೆಂದು ಶಿಗ್ಗಾಂವಿಗೆ ಒಯ್ದೆ. ಅಲ್ಲಿ ರಿಪೇರಿಗೆ ಕೂತಿದ್ದ ಹೆಣ್ಣುಮಗಳು ಮುಚ್ಚಳ ತೆಗೆದವಳೇ ಕಣ್ಣಿನ ಭೂತಗನ್ನಡಿ ಇಳಿಸಿದಳು.

"ಸವಣೂರ ಕಾಕಾರ ತ್ರಿಕೋನ ಐತಲ್ರಿ! ಈ ಕಡೆ ಹಳೇ ವಾಚಿನಾಗ ಭಾಳ ಸಿಗ್ತೈತಿ. ಅವರು ನೋಡ್ಯಾರಂದ್ರ ಅಸಲಿ ಬಿಡ್ರಿ."

ಅವಳು ಕೆಲಸ ಮುಗಿಸಿ, ಸೂಜಿ ತೆಗೆದುಕೊಂಡು, ತ್ರಿಕೋನದ ಕೆಳಗೆ ತನ್ನದೊಂದು ಚುಕ್ಕೆ ಇಟ್ಟಳು.