ಕುರಿಗಳಷ್ಟೇ ಇದ್ದ ನಕ್ಷೆ

ಶೂರರಿಗೆ ಖಡ್ಗ ಇರುತ್ತದೆ; ರಾಯಿಕೋಡು ಕಡೆಯ ಖಂಡೆಪ್ಪನಿಗೆ ಜರೀಬು ಇತ್ತು. ಜರೀಬೆಂದರೆ ಭೂಮಿ ಅಳೆಯುವ ಕಬ್ಬಿಣದ ಸರಪಳಿ. ಅದನ್ನು ಹೆಗಲಿಗೇರಿಸಿ ಜಹೀರಾಬಾದಿನ ಮೋಜಣಿ ಕಚೇರಿಯಿಂದ ಆತ ಹೊರಟರೆ ಜಾಲಿಮುಳ್ಳೂ ಸರಿದು ದಾರಿ ಬಿಡಬೇಕು. ಬಿಡುತ್ತಿರಲಿಲ್ಲ, ಆ ಮಾತು ಬೇರೆ. ಮುಳ್ಳಿನೊಳಗೇ ನುಗ್ಗಿ, ಮೈಯೆಲ್ಲ ಗೀರಿಸಿಕೊಂಡು, ಸರಪಳಿಯನ್ನು ಮಾತ್ರ ನೆಟ್ಟಗೆ ಹಿಡಿಯುತ್ತಿದ್ದ. ಕುರಿಗಾರರ ಮನೆಯಲ್ಲಿ ಹುಟ್ಟಿದ, ಓದು ಬಾರದ ಈ ವೀರ ಅಳತೆಯಲ್ಲಿ ಒಂದು ಗೇಣೂ ತಪ್ಪಿದವನಲ್ಲ.

೧೯೬೪ರ ಬೇಸಿಗೆಯಲ್ಲಿ ಮೋಜಣಿ ಆತನ ಸ್ವಂತ ಹಟ್ಟಿಗೇ ಬಂತು. ಹದಿನೆಂಟು ಮನೆ. ಜನವೆಲ್ಲ ಕುರಿ ಹೊಡೆದುಕೊಂಡು ಮೇವಿದ್ದ ಕಡೆ ಹೋಗಿದ್ದರು. ಬಾಗಿಲುಗಳಿಗೆ ಮುಳ್ಳುಕಂಟಿ ಅಡ್ಡ. ತೆಲುಗು ಸೀಮೆಯಿಂದ ಹೊಸದಾಗಿ ಬಂದಿದ್ದ ಮೋಜಣಿದಾರರು ದೂರದಿಂದಲೇ ಹಟ್ಟಿಯತ್ತ ಕೈ ತೋರಿಸಿ ಅದೇನೆಂದು ಕೂಗಿದರು, "ಅದೇಮಿಟಯ್ಯಾ?"

ಖಂಡೆಪ್ಪ ಎದೆಯುಬ್ಬಿಸಿ ಹೇಳಿದ, "ನಮ್ ಕುರಿ ಹಟ್ಟಿರೀ ಸಾಬ್!"

ಆತನ ಮಂದಿಯ ಬಾಯಲ್ಲಿ ಕುರಿ ಹಟ್ಟಿಯೆಂದರೆ ಅಜ್ಜಿ, ಕೂಸು, ಕುರಿ, ನಾಯಿ ಎಲ್ಲ ಕೂಡಿದ ಊರು. ಸಾಹೇಬರ ಕಿವಿಗೆ ಅದು ಕುರಿ ಕೂಡುವ ದೊಡ್ಡಿ. ಹಾಗೆಯೇ ನಕ್ಷೆಗೆ ಏರಿಸಿದರು. ಪಕ್ಕದಲ್ಲಿ 'ಜನವಸತಿ ಇಲ್ಲ' ಎಂದೂ ಬರೆದರು.

ಹದಿನೇಳು ವರ್ಷ ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ನಾರುಹುಣ್ಣು ತೊಲಗಿಸಲು ಸರ್ಕಾರ ಬೋರಿಂಗ್, ಅಂದರೆ ಕೊಳವೆಬಾವಿ, ಹಾಕಿಸತೊಡಗಿತು. ಮೆಟ್ಟಿಲ ಬಾವಿಯ ನೀರು ಕುಡಿದವರ ಕಾಲಿನಿಂದ ಮೊಳದುದ್ದದ ಹುಳ ನೂಲಿನಂತೆ ಹೊರಬರುವ ರೋಗವದು. ಎಲ್ಲಿ ಕೊರೆಯಬೇಕೆಂದು ನಕ್ಷೆ ನೋಡಿ ಗುರುತು ಹಾಕುತ್ತಿದ್ದರು. ಖಂಡೆಪ್ಪನ ಹೆಂಡತಿ ಅಮೃತಬಾಯಿಯ ಪಾದದಿಂದ ಆಗಲೇ ಒಂದು ಹುಳ ಹೊರಬಿದ್ದಿತ್ತು. ಆತ ತನ್ನ ಕಚೇರಿಯ ಗುಮಾಸ್ತ ಮೊಗಲಪ್ಪನ ಮುಂದೆ ಹೋಗಿ ನಿಂತ.

"ನಮ್ ಹಟ್ಟಿಗಿ ಬೋರಿಂಗ್ ಯಾವಾಗ್ರಿ?"

ಮೊಗಲಪ್ಪ ನಕ್ಷೆಯ ಮೇಲೆ ಬೆರಳಿಟ್ಟ. "ಇಲ್ಲಿ ಬರೇ ಕುರಿ ಅವ ನೋಡಪಾ. ಕುರಿಗಿ ಬೋರಿಂಗ್ ಹಾಕ್ರಿ ಅಂತ ಯಾವ ಸರ್ಕಾರ ಹೇಳ್ಯಾದ?"

"ಮತ್ತ ನಾ ಯಾರ್ರೀ?"

"ನೀ ಜರೀಬ ಹಿಡಿಯಾಂವ. ನೀನೇ ಅಳದು, ಈಗ ನೀನೇ ಸುಳ್ಳ ಅಂತಿ?"

ಅಲ್ಲಿಂದ ದಂಡಯಾತ್ರೆ ಶುರುವಾಯಿತು. ಹದಿನೆಂಟು ಮನೆಗಳ ಹೆಬ್ಬೆಟ್ಟಿನ ಅರ್ಜಿ ಹೊತ್ತು ಖಂಡೆಪ್ಪ ಕಚೇರಿ ಕಚೇರಿ ತಿರುಗಿದ. ಪ್ರತಿಯೊಂದು ಕಚೇರಿಯೂ ತೆರೆದು ನೋಡಿದ್ದು ಅದೇ ನಕ್ಷೆಯನ್ನು. ಕಡೆಗೆ ಹಟ್ಟಿಯ ನಲವತ್ತು ಜನರನ್ನು ಕರೆತಂದು ಮೋಜಣಿ ಕಚೇರಿಯ ಅಂಗಳದಲ್ಲಿ ನಿಲ್ಲಿಸಿದ. "ನೋಡ್ರಿ ಸಾಬ್, ಒಬ್ರಾದ್ರೂ ಬ್ಯಾ ಅಂತಾರೇನು?"

ಆಗಿದ್ದ ಹೊಸ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕು, ಮರುಮೋಜಣಿಗೆ ಬರೆದರು. ಸರಪಳಿ ಮತ್ತೆ ಹಟ್ಟಿಗೆ ಬರುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು.

ಆ ಮೂರು ವರ್ಷವೂ ಅಮೃತಬಾಯಿ ಮೆಟ್ಟಿಲ ಬಾವಿಯ ನೀರನ್ನೇ ಕುಡಿದಳು, ಬೇರೆ ನೀರಿರಲಿಲ್ಲ. ಎರಡನೆಯ ಬೇಸಿಗೆಗೆ ಹುಳ ಮೊಣಕಾಲಿನಲ್ಲಿ ಕಾಣಿಸಿತು. ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯುತ್ತಿದ್ದಾಗ ಒಳಗೇ ತುಂಡಾಯಿತು. ಕೀವು ತುಂಬಿ, ಮಡಚಿದ ಕಾಲು ಮಡಚಿದಂತೆಯೇ ಉಳಿಯಿತು.

ಬೋರಿಂಗ್ ಬಿದ್ದದ್ದು ಆಕೆಯ ಬಾಗಿಲಿನಿಂದ ನಲವತ್ತು ಹೆಜ್ಜೆಗೆ. ಖಂಡೆಪ್ಪ ಮೊದಲ ಕೊಡ ತುಂಬಿಕೊಂಡು ಬಂದ. ಹೊಸ್ತಿಲಲ್ಲಿ ಕೂತಿದ್ದ ಆಕೆ ಹೇಳಿದಳು, "ನಕ್ಷಾ ತಿದ್ದಿಸಿದ್ರಿ, ಚೊಲೋ ಆತು. ನನ್ ಕಾಲ ಯಾವ ಆಫೀಸಿನ್ಯಾಗ ತಿದ್ತಾರ, ಕೇಳ್ಕೊಂಡ ಬರ್ರಿ."

ಹಟ್ಟಿಯೆಲ್ಲ ನಕ್ಕಿತು, ಆಕೆಯೂ ನಕ್ಕಳು. ಖಂಡೆಪ್ಪ ಕೊಡ ಇಳಿಸಿ, ತಂಬಿಗೆ ತುಂಬಿ ಆಕೆಯ ಕೈಗೆ ಕೊಟ್ಟು, ಗೋಡೆಯ ಕಡೆ ಮುಖ ತಿರುಗಿಸಿದ. ಗಂಡಸು ಕೊಡ ಹೊರುವುದೇ ಎಂದು ಆಡಿಕೊಂಡವರು ಇದ್ದರು. ಆ ಮನೆಗೆ ಕಡೆಯವರೆಗೂ ನೀರು ಹೊತ್ತವನು ಅವನೇ.