ನರೆತ ತಲೆಯ ಅಕ್ಕ

ಅವರ ತಲೆಯಲ್ಲಿ ಒಂದೇ ಒಂದು ಕಪ್ಪು ಕೂದಲಿರಲಿಲ್ಲ. ಹುಬ್ಬು ಮಾತ್ರ ಕಾಡಿಗೆ ತೀಡಿದಂತೆ ಕಪ್ಪಗಿತ್ತು, ಅದನ್ನು ಯಾರೂ ಗಮನಿಸುತ್ತಿರಲಿಲ್ಲ. ಹುಣಸೆ ಮಂಡಿಯಲ್ಲಿ ಕೂತು ಬೀಜ ಬಿಡಿಸಿ ಬಿಡಿಸಿ ಬೆನ್ನು ಕೊಂಚ ಬಾಗಿತ್ತು.

ಮದುವೆಯಾಗಿ ಕಲ್ಯಾಣದುರ್ಗದಿಂದ ಹಿಂದೂಪುರದ ಆ ವಠಾರಕ್ಕೆ ಬಂದಾಗ ಎಲ್ಲರಂತೆ ನಾನೂ ಅವರನ್ನು ಅಜ್ಜಿ ಎಂದೇ ಮಾತಾಡಿಸಿ, ನಲ್ಲಿ ನೀರು ಯಾವಾಗ ಬರುತ್ತದೆಂದು ಕೇಳಿದೆ. ಅವರು ಹೊತ್ತು ಹೇಳಿ, ನನ್ನ ಬಿಂದಿಗೆಯನ್ನೂ ತಮ್ಮದರ ಪಕ್ಕ ಸಾಲಿಗಿಟ್ಟರು. ಹೊಸದಾಗಿ ಪರಿಚಯವಾದವರು ಅವರ ಹತ್ತಿರ ಆಡುತ್ತಿದ್ದದ್ದು ಮೊಣಕಾಲು ನೋವಿನ ಮಾತು, ಇಲ್ಲವೇ ಮೊಮ್ಮಕ್ಕಳ ಮಾತು. ಅವರು ಹೂಂಗುಟ್ಟಿ ಸುಮ್ಮನಾಗುತ್ತಿದ್ದರು. ನಾನೋ, ಹಿರಿಯರು ಸಿಕ್ಕರೆಂದು ತವರಿನ ನೆನಪು, ಅತ್ತೆಯ ಮುನಿಸು ಎಲ್ಲವನ್ನೂ ಹೇಳಿಕೊಂಡು ಅಳುತ್ತಿದ್ದೆ. ಅಜ್ಜಿಗೂ ಹೇಳಿಕೊಳ್ಳಲು ಏನಾದರೂ ಇದ್ದೀತು ಎಂದು ಯಾರಿಗೂ ತೋಚುತ್ತಿರಲಿಲ್ಲ.

ನನಗೆ ಹೆರಿಗೆ ನೋವು ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಆಟೊ ಹಿಡಿದು ಆಸ್ಪತ್ರೆಗೆ ಕರೆದೊಯ್ದವರು ಅವರೇ. ಜೊತೆಗೆ ಬಂದವರ ವಯಸ್ಸೆಷ್ಟೆಂದು ನರ್ಸಮ್ಮ ಕೇಳಿದಳು. "ಮೂವತ್ನಾಲ್ಕು" ಎಂದರು. ಕೇಳಿಸಿದ್ದು ತಪ್ಪೇನೋ ಎಂದು ಅವಳು ಮತ್ತೆ ಕೇಳಿದಳು. ಮತ್ತೆ ಅದನ್ನೇ ಹೇಳಿದರು. ಆ ನೋವಿನಲ್ಲೂ ನಾನು ತಿರುಗಿ ಅವರ ಮುಖ ನೋಡಿದೆ.

ಮಗಳನ್ನು ಎತ್ತಿಕೊಂಡು ಮನೆಗೆ ಬಂದ ಮೇಲೆ ಅವರನ್ನು ಅಕ್ಕ ಎಂದು ಕರೆದೆ. ಬಾಣಂತಿಗೆಂದು ನೀರು ಕಾಯಿಸುತ್ತ ಒಲೆಯ ಮುಂದೆ ಕೂತಿದ್ದವರು ಉರಿಯುವ ಸೌದೆಯನ್ನು ತುಸು ಹಿಂದಕ್ಕೆಳೆದರು. ಆಮೇಲೆ ತಾವಾಗಿಯೇ ಶುರುಮಾಡಿದರು. ಇಪ್ಪತ್ತು ದಾಟುವ ಮೊದಲೇ ತಲೆ ನರೆತಿತ್ತಂತೆ. ಬಣ್ಣ ಹಚ್ಚಿದರೆ ನೆತ್ತಿಯೆಲ್ಲ ಗುಳ್ಳೆ. ಒಮ್ಮೆ ನಮ್ಮ ಕಲ್ಯಾಣದುರ್ಗದ ಕಡೆಯಿಂದಲೇ ಹೆಣ್ಣು ನೋಡಲು ಬಂದಿದ್ದರು. ಇವರು ಕಾಫಿ ತಟ್ಟೆ ಹಿಡಿದು ಹೊರಗೆ ಬಂದರೆ, ಹುಡುಗಿಯ ಅಜ್ಜಿ ಇರಬೇಕೆಂದುಕೊಂಡ ಗಂಡು ಎದ್ದು ಬಂದು ಕಾಲಿಗೆ ನಮಸ್ಕಾರ ಮಾಡಿದನಂತೆ.

"ನೀನೇನಂದೆ ಅಕ್ಕ?"

"ಏನನ್ಲಿ ಕಣೆ? ಕಾಲಿಗ್ ಬಿದ್ದೋನ್ಗೆ, ಚೆನ್ನಾಗಿರಪ್ಪ ಅಂದ್ಬುಟ್ಟೆ."

ಅದಾದ ಮೇಲೆ ಅವರು ಯಾವ ಗಂಡಿನ ಮುಂದೆಯೂ ಹೋಗಿ ನಿಲ್ಲಲಿಲ್ಲ.

ಅಂದಿನಿಂದ ನಮ್ಮಿಬ್ಬರ ಮಾತೇ ಬೇರೆಯಾಯಿತು. ಗಿಳಿಹಸಿರು ಸೀರೆ ತಮಗೆ ಒಪ್ಪೀತೇ ಎಂದು ನಾಚುತ್ತ ಕೇಳುತ್ತಿದ್ದರು. ಮಂಡಿಯ ಮೇಸ್ತ್ರಿಯ ನಡಿಗೆಯನ್ನು ಅಣಕಿಸಿ, ತಾವೇ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಒಡಹುಟ್ಟಿದವರಿಲ್ಲದ ನನಗೆ ಅಕ್ಕನೆಂದರೆ ಏನೆಂದು ತಿಳಿದದ್ದು ಅವರಿಂದ.

ಹೋದ ವರ್ಷ ಅವರಿಗೆ ಕಾಮಾಲೆಯಾಯಿತು. ನಾಟಿ ಔಷಧಿ, ಆಸ್ಪತ್ರೆ ಯಾವುದೂ ಹಿಡಿಯಲಿಲ್ಲ. ವಠಾರಕ್ಕೆ ಹೊಸದಾಗಿ ಬಂದಿದ್ದವರು, ವಯಸ್ಸಾಗಿತ್ತು, ಹೆಚ್ಚು ನರಳದೆ ಹೋದರು ಎಂದು ನನ್ನನ್ನು ಸಮಾಧಾನಪಡಿಸಿದರು. ವಯಸ್ಸಾಗಿರಲಿಲ್ಲ ಎಂದು ಒಬ್ಬೊಬ್ಬರಿಗೂ ಹೇಳಿದೆ. ದುಃಖದಲ್ಲಿ ಏನೋ ಅನ್ನುತ್ತಿದ್ದಾಳೆ ಎಂದುಕೊಂಡರು.

ಗೋರಂಟ್ಲದಿಂದ ಅವರ ತಾಯಿ ಬಂದು ತಲೆಯ ಬಳಿ ಕೂತರು. ಆ ತಾಯಿಯ ತುರುಬು ಇನ್ನೂ ಅರ್ಧ ಕಪ್ಪಗಿತ್ತು. ಪಕ್ಕದ ಮನೆಗೆ ಬಂದಿದ್ದ ಹೊಸ ಸೊಸೆ ಬಗ್ಗಿ, ಹೋದವರು ನಿಮ್ಮ ಅಕ್ಕನೇ ಎಂದು ಮೆಲ್ಲಗೆ ಕೇಳಿದಳು.

ತಾಯಿ ಮಗಳ ಹಣೆಯ ಮೇಲಿಟ್ಟಿದ್ದ ಕೈ ತೆಗೆಯಲಿಲ್ಲ.

"ನಾ ಹೆತ್ತೋಳು ಕಣಮ್ಮ" ಎಂದರು. "ಇನ್ನೂ ಮದ್ವೆ ಆಗಿರ್ಲಿಲ್ಲ."